ಕುರಿಗೆ ಹೊಲ ಯಾವುದು, ಬದು ಯಾವುದು?

ಕುರಿಯವನು ಬೇಡ ಅಂದುಬಿಟ್ಟ. ದುಡ್ಡು ಜಾಸ್ತಿ ಕೊಡ್ತೀನಿ ಅಂದರೂ ಬೇಡ ಅಂದ. ಅಣ್ಣಿಗೇರಿ ಕಡೆ ಒಕ್ಕಲುತನ ಮಾಡುವ ನಮ್ಮ ದೊಡ್ಡಪ್ಪನ ಮಗನಿಗೆ ಇದು ಇನ್ನೂ ಅರಗಿಲ್ಲ. ವಾರವಿಡೀ ಫೋನಿನಲ್ಲಿ ಅದೇ ಮಾತು.

ಕಡಲೆ ರಾಶಿ ಮುಗಿದಿತ್ತು. ಎರೆ ಹೊಲ ಬಿರುಕು ಬಿಟ್ಟು ಮಲಗಿತ್ತು. ಈ ಹೊತ್ತಿಗೆ ಕುರಿ ತರುಬಿಸುವುದು, ಅಂದರೆ ಗೊಬ್ಬರಕ್ಕಾಗಿ ರಾತ್ರಿ ಹೊಲದಲ್ಲಿ ಕುರಿ ಹಿಂಡು ನಿಲ್ಲಿಸುವುದು, ನಮ್ಮ ಅಜ್ಜನ ಕಾಲದ ಪದ್ಧತಿ. ಆಗ ಜೋಳ ಅಳೆದು ಕೊಡುತ್ತಿದ್ದರು, ರಾತ್ರಿ ಊಟವೂ ಹೊಲದವರದೇ. ಈಗ ರಾತ್ರಿಗೆ ಇಂತಿಷ್ಟು ಅಂತ ರೊಕ್ಕ. ಅದು ದುಬಾರಿಯೇನಲ್ಲ. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಶೇ 0.5ರ ಆಸುಪಾಸು, ಕುರಿ ಹಿಕ್ಕಿಯಲ್ಲಿ ಶೇ 3ರ ಹತ್ತಿರ. ತಿಪ್ಪೆಯಲ್ಲಾದರೆ ಹರಿದು ಹಾಳಾಗುವ ಉಚ್ಚೆ ಇಲ್ಲಿ ನೇರ ಮಣ್ಣಿಗೇ ಇಳಿಯುತ್ತದೆ. ಹೇರುವ ಆಳು ಬೇಡ, ಟ್ರ್ಯಾಕ್ಟರ್ ಬಾಡಿಗೆಯೂ ಇಲ್ಲ.

ಕುರಿಯವನು ಬಂದಾಗ ನಾನು ಬೇವಿನ ಗಿಡದ ಬುಡದಲ್ಲಿ ಕೂತಿದ್ದೆ. ಹೆಗಲ ಮೇಲೆ ಕಂಬಳಿ, ಕಿವಿಗೆ ಮೊಬೈಲು. ಹೊಲದೊಳಗೆ ಕಾಲಿಡಲೇ ಇಲ್ಲ. ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕೂತು ಒಂದು ಎಳೆ ಕರಿಕಿ ಹುಲ್ಲು ಕಿತ್ತ. ಅದು ಬುಡದಿಂದ ತುದಿತನಕ ಒಂದೇ ಸಮ ಕೆಂಪಗೆ ಸುಟ್ಟಂತಿತ್ತು. ಬಿಸಿಲಿಗೆ ಒಣಗುವ ಹುಲ್ಲು ಹಾಗಿರುವುದಿಲ್ಲ, ಅಲ್ಲಲ್ಲಿ ಒಂದಿಷ್ಟು ಹಸಿರು ಉಳಿಸಿಕೊಂಡಿರುತ್ತದೆ. ಮೂಸಿ ನೋಡಿ ಕೇಳಿದ:

“ಸಾವ್ಕಾರ್ರ, ಬದುವಿಗೆ ಏನ್ ಹೊಡದೀರಿ?”

“ಎಣ್ಣಿ ಹೊಡದೇವಿ. ಕಸಾ ಬಾಳ ಆಗಿತ್ತು,” ಅಂದ ಅಣ್ಣ. ಎಣ್ಣಿ ಅಂದರೆ ಕಳೆನಾಶಕ.

“ಹಂಗಾರ ನಾ ತರಬಂಗಿಲ್ರಿ. ಗಬ್ಬದ ಕುರಿ ಅದಾವ.”

“ಹೊಲದಾಗ ಹೊಡದಿಲ್ಲೋ ಮಾರಾಯಾ, ಬದುವಿಗಷ್ಟ.”

“ಕುರಿಗೆ ಹೊಲ ಯಾವ್ದು, ಬದು ಯಾವ್ದು ಗೊತ್ತಾಗತೈತೇನ್ರಿ?”

ಸಿಟ್ಟಿನಿಂದ ಅಂದದ್ದಲ್ಲ. ವಿನಯದಿಂದಲೇ ಅಂದ. ಅದಕ್ಕೇ ಅಣ್ಣನಿಗೆ ಜಾಸ್ತಿ ತಾಗಿತು. ನಮ್ಮಣ್ಣ ಕೆಟ್ಟವನಲ್ಲ, ಆದರೆ ಸ್ವಚ್ಛ ಹೊಲದ ಹುಚ್ಚು ಅವನಿಗೆ. ಬದುವಿನಲ್ಲಿ ಒಂದು ಹಸಿರು ಕಡ್ಡಿ ಕಂಡರೂ ನಾಲ್ಕು ಮಂದಿ ಮೈಗಳ್ಳ ಅಂದಾರು ಅಂತ ಚಿಂತೆ. ಪಂಪ್ ಹೆಗಲಿಗೇರಿಸಿದರೆ ಒಂದು ಮುಂಜಾನೆಯಲ್ಲಿ ಬದುವೆಲ್ಲ ಬೋಳು. ಸದೆ ತೆಗೆಯಲು ಆಳು ಕರೆದರೆ ಬರುವವರಿಲ್ಲ, ಬಂದರೆ ಕೂಲಿ ಕೊಟ್ಟು ಪೂರೈಸುವುದಿಲ್ಲ. ಅವನ ಲೆಕ್ಕವೂ ಸುಳ್ಳಲ್ಲ.

ವೈನಿ, ಅಂದರೆ ನಮ್ಮ ಅತ್ತಿಗೆ, ಮಾತ್ರ ಮಜ್ಜಿಗೆ ತಂಬಿಗೆ ಕುರಿಯವನ ಕೈಗಿಟ್ಟು, ಗಂಡನಿಗೆ ಕೇಳುವ ಹಾಗೆ ಅಂದರು: “ಎಮ್ಮಿ ಇದ್ದಾಗ ಇದ ಕರಿಕಿಗೆ ನಾ ಕುಡಗೋಲು ಹಿಡಕೊಂಡು ಬರತಿದ್ನಿ. ಎಮ್ಮಿ ಮಾರಿದ ಮ್ಯಾಲ ಅದು ಕಸಾ ಆತು.” ನನಗೆ ಕೇಳಿದರೆ ಆ ಮನೆಯಲ್ಲಿ ಒಕ್ಕಲುತನ ತಿಳಿದವರು ವೈನಿಯೇ. ಉತಾರಿಯಲ್ಲಿ, ಅಂದರೆ ಪಹಣಿಯಲ್ಲಿ, ಅವರ ಹೆಸರಿಲ್ಲ ಅಷ್ಟೆ.

ಎಣ್ಣೆಯ ಚಟ ಬದುವಿಗಷ್ಟೇ ನಿಂತಿಲ್ಲ. ಧಾರವಾಡ, ಗದಗ ಸೀಮೆಯಲ್ಲಿ ಮುಂಗಾರಿ ಹೆಸರುಕಾಳಿನ ಬೆಳೆ ಕಟಾವು ಮಷಿನ್ನಿಗೆ ಸಿಗುವಂತೆ ಎಲೆಯೆಲ್ಲ ಒಮ್ಮೆಲೇ ಒಣಗಲಿ ಅಂತ ನಿಂತ ಬೆಳೆಗೇ ಕಳೆನಾಶಕ ಹೊಡೆಯುವವರಿದ್ದಾರೆ. ಅದಕ್ಕೆ ಬಳಸುವ ಪ್ಯಾರಾಕ್ವಾಟ್ ಮನುಷ್ಯನ ಹೊಟ್ಟೆಗೆ ಹೋದರೆ ಅದಕ್ಕೆ ಪ್ರತಿಮದ್ದೇ ಇಲ್ಲ. ಆ ಹೊಟ್ಟನ್ನು ದನ ತಿನ್ನುತ್ತದೆ, ಕಾಳನ್ನು ನಾವು. ಕುರಿಯವನು ಹುಲ್ಲು ಮೂಸಿ ನೋಡುತ್ತಾನೆ. ಹುಬ್ಬಳ್ಳಿಯ ಕಿರಾಣಿ ಅಂಗಡಿಯಲ್ಲಿ ಹೆಸರುಕಾಳು ಮೂಸಿದರೆ ನನಗೇನು ಗೊತ್ತಾಗುತ್ತದೆ?

ಅಣ್ಣನ ಹತ್ತಿರ ಮಣ್ಣು ಆರೋಗ್ಯ ಚೀಟಿಯೂ ಇದೆ. 2015ರಲ್ಲಿ ಶುರುವಾದ ಯೋಜನೆ, 12 ಅಂಶಗಳ ಪರೀಕ್ಷೆ. ಪಾಸ್‌ಬುಕ್ಕಿನೊಳಗೆ ಮಡಚಿಟ್ಟಿದ್ದ. ಸಾವಯವ ಇಂಗಾಲದ ಮುಂದೆ ‘ಕಡಿಮೆ’ ಅಂತಿತ್ತು, ಅಂದರೆ ಶೇ 0.5ರ ಒಳಗೆ, ಮಣ್ಣಿಗೆ ಗೊಬ್ಬರ ಬೇಕು ಅಂತ ಅರ್ಥ. ಅದನ್ನು ಓದಿಯೇ ಈ ಸಲ ಕುರಿ ಕರೆಸಿದ್ದು. ಸರ್ಕಾರದ ಚೀಟಿ ಕುರಿ ಬೇಕು ಅಂತು, ಕುರಿಯವನು ಹೊಲ ಬೇಡ ಅಂದ. ಒಂದು ಗುಂಟೆ ಜಮೀನೂ ಇಲ್ಲದ ಮನುಷ್ಯ ನಮ್ಮ ಜಮೀನನ್ನು ನಪಾಸು ಮಾಡಿ ಹೋದನಲ್ಲ ಅಂತ ನನಗೆ ಒಳಗೊಳಗೇ ನಗು. ನಕ್ಕಿದ್ದರೆ ಅಣ್ಣ ಅವತ್ತು ಊಟಕ್ಕೆ ಕರೆಯುತ್ತಿರಲಿಲ್ಲ.

ಮಜ್ಜಿಗೆ ಕುಡಿಯುತ್ತ ಅವನು ಇನ್ನೊಂದು ಮಾತು ಅಂದ: “ಮೊದಲ ಊರಿಗೊಂದು ಗಾಯರಾಣ ಇತ್ತರಿ. ಹೊಲದವರು ಒಲ್ಲೆ ಅಂದ್ರ ಅಲ್ಲೆ ಹೊಡಕೊಂಡು ಹೋಗತಿದ್ವಿ.” ಗಾಯರಾಣ ಅಂದರೆ ಊರಿಗೆಲ್ಲ ಸೇರಿದ ಮೇವಿನ ಜಾಗ. ಈಗ ಅಲ್ಲಿ ಆಶ್ರಯ ಮನೆ, ಗುಡಿ, ಸಮುದಾಯ ಭವನ, ಉಳಿದದ್ದು ಒತ್ತುವರಿ. ಗದಗ ಕಡೆ ಗಾಳಿ ಫ್ಯಾನು ಬೇರೆ. ಫ್ಯಾನಿನ ಕೆಳಗೆ ಕುರಿ ಮೇಯಬಹುದು ಬಿಡಿ, ಸೋಲಾರ್ ಪ್ಲಾಂಟಿನ ತಂತಿ ಬೇಲಿಯೊಳಗೆ ಮೇಯಲಾಗುವುದಿಲ್ಲ.

ಆ ಗಾಯರಾಣಗಳು ಸುಮ್ಮನೆ ಹೋದವಲ್ಲ. 1980ರ ದಶಕದಲ್ಲಿ ಸರ್ಕಾರವೇ ನಮ್ಮ ಕಡೆಯ ಹುಲ್ಲುಗಾವಲು, ಕುರುಚಲು ಕಾಡನ್ನು ‘ಸಿ’ ಮತ್ತು ‘ಡಿ’ ದರ್ಜೆಯ ಭೂಮಿ ಅಂತ ಬರೆದು, ನೀಲಗಿರಿ ಬೆಳೆಸಲು ಹರಿಹರದ ಪಾಲಿಫೈಬರ್ಸ್ ಕಾರ್ಖಾನೆ ಜೊತೆ ಕೂಡಿ ಕಟ್ಟಿದ ಕಂಪನಿಗೆ ಕೊಟ್ಟಿತ್ತು. 1987ರ ನವೆಂಬರ್ 14ರಂದು, ಈಗ ಹಾವೇರಿ ಜಿಲ್ಲೆಗೆ ಸೇರಿದ ಕುಸನೂರಿನಲ್ಲಿ ಜನ ನೆಲಕ್ಕಿಳಿದು ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹ ಅಂದರೆ ಅದೇ. ಕೊನೆಗೆ ಆ ಕಂಪನಿ ಮುಚ್ಚಿತು. ಪಾಳು ಬಿದ್ದ ಜಾಗ ಅಂತ ಕಚೇರಿ ಬರೆದುಕೊಂಡಲ್ಲಿ ಆಡು, ಕುರಿ, ಕಟ್ಟಿಗೆ, ಪೊರಕೆ ಹುಲ್ಲು ಅಂತ ಎಷ್ಟು ಮನೆ ಬದುಕುತ್ತಿದ್ದವು ಅಂತ ಅವತ್ತಿನವರು ಜಗಳವಾಡಿ ತೋರಿಸಿದರು. ಈಗ ಜಗಳವಾಡಬೇಕೆಂದರೆ ಯಾರ ಜೊತೆ? ಕಂಪನಿಯೂ ಇಲ್ಲ, ಹುಕುಮೂ ಇಲ್ಲ. ಬದು ನಮ್ಮದೇ, ಪಂಪೂ ನಮ್ಮದೇ. ಆ ಬದುವಿನಲ್ಲಿ ಕರಿಕಿ ಬೇರು ಸತ್ತಿದೆ, ಮೊದಲ ಅಡ್ಡಮಳೆಗೆ ಎರೆ ಮಣ್ಣು ಜಾರಿ ಹಳ್ಳ ಸೇರುತ್ತದೆ. ಸ್ವಚ್ಛ ಹೊಲದ ಖರ್ಚು ಅಲ್ಲಿಂದ ಶುರು.

ಕುರಿಗಳು ಕೊನೆಗೆ ಪಕ್ಕದ ಹೊಲದಲ್ಲಿ ಬಿದ್ದವು. ಆ ಹೊಲದವನು ಊರಲ್ಲೇ ಸೋಮಾರಿ ಅಂತ ಹೆಸರಾದವನು, ಬದು ನೋಡಿದರೆ ಹಾವು ಬರುವಂತಿದೆ. ಇದೇ ಅಣ್ಣನಿಗೆ ತಡೆಯಲಾಗದ ಸಂಕಟ. ನಿನ್ನೆ ಮತ್ತೆ ಫೋನ್ ಮಾಡಿದ. ಎಣ್ಣೆ ಬಿಡುತ್ತೇನೆ ಅಂತೇನೂ ಹೇಳಲಿಲ್ಲ. “ಅಂವಾ ರಾತ್ರಿಗೆ ಎಷ್ಟು ಕೊಟ್ಟಾನಂತ ಏನರ ಗೊತ್ತಾತೇನೋ?” ಅಂದ. ವೈನಿ ಹಿಂದಿನಿಂದ ಕೂಗಿದರು: “ಮಜ್ಜಿಗಿ ಕೊಟ್ಟಾಕಿ ನಾ, ನನ್ನ ಕೇಳರಿ. ಅಂವಾ ಕೊಟ್ಟಿದ್ದು ನಮ್ಮಕಿಂತ ಕಮ್ಮಿ.”