ಆ ಊರು ಇನ್ನೂ ಐತಾ?

ಕೋಲಾರ ಕಡೆಯ ಲಕ್ಷ್ಮೀಸಾಗರದ ಕೆರೆ ಏರಿ ಮೇಲೆ ಕಿವಿಗೆ ಬಿದ್ದ ಮಾತು ಈ ವಾರವೆಲ್ಲ ಬಿಡದೆ ಕಾಡಿದೆ.

“ಈ ನೀರು ಯಾವೂರ್ದಪ್ಪಾ?”

“ಬೆಳ್ಳಂದೂರು ಕಡೇದು, ತಾತ.”

“ಆ ಊರು ಇನ್ನೂ ಐತಾ?”

ಹುಡುಗ ನಕ್ಕು, ಮೊಬೈಲಲ್ಲಿ ನಕ್ಷೆ ತೆಗೆದು ಹಿಡಿದ. ನಗಬಾರದಿತ್ತು.

ಬೆಂಗಳೂರಿನೊಳಗೆ ಸೇರಿಹೋದ ಬೆಳ್ಳಂದೂರಿನದು ಅಮಾನಿಕೆರೆ, ಇನಾಮು ಕೊಡದೆ ಸರ್ಕಾರವೇ ಇಟ್ಟುಕೊಂಡಿದ್ದು. ನಮ್ಮ ಕೋಲಾರದಲ್ಲೂ ಒಂದಿದೆ. ಇಂಥ ಊರುಗಳಲ್ಲಿ ನೀರುಗಂಟಿ ತೂಬು, ಅಂದರೆ ಏರಿಯಲ್ಲಿ ನೀರು ಬಿಡುವ ಬಾಗಿಲು, ಎತ್ತಿ ಸರದಿ ಪ್ರಕಾರ ಗದ್ದೆಗೆ ನೀರು ಬಿಡುತ್ತಿದ್ದ, ಸುಗ್ಗಿಯಲ್ಲಿ ಅವನ ಪಾಲು ಕಣದಲ್ಲೇ ಸಿಗುತ್ತಿತ್ತು. ಬೇಸಿಗೆಯಲ್ಲಿ ತಳ ಕಂಡರೆ ಗೋಡುಮಣ್ಣು ಗಾಡಿಗಟ್ಟಲೆ ಹೊಲಕ್ಕೆ ಹೋಗುತ್ತಿತ್ತು. ಕೆರೆ ಒಣಗುವುದೂ ಅದರ ಆರೋಗ್ಯವೇ.

ಕೆರೆ ನೀರು ಉಣ್ಣುತ್ತಿದ್ದ ಅಚ್ಚುಕಟ್ಟಿನ ಗದ್ದೆಗಳು ಲೇಔಟಾದ ಮೇಲೆ ತೂಬು ಎತ್ತಿಸುವವರೇ ಇಲ್ಲ. ರಾಜಕಾಲುವೆಯಲ್ಲಿ ಮಳೆನೀರಿನ ಬದಲು ವರ್ಷವಿಡೀ ಚರಂಡಿ ನೀರು ಬಂತು, ಕೆರೆ ಒಣಗುವುದನ್ನೇ ಮರೆಯಿತು. ಗೊಬ್ಬರದಂಥ ಆ ನೀರಿಗೆ ಅಂತರಗಂಗೆ ಕಳೆ ಹಬ್ಬಿತು, ಸತ್ತು ತಳ ಸೇರಿ ಕೊಳೆಯಿತು. ಸೋಪಿನ ನೀರು ಕೋಡಿಯಿಂದ ಧುಮುಕಿ ಗಾಳಿ ಬೆರೆತಲ್ಲಿ ನೊರೆ ಎದ್ದಿತು. 2015ರಲ್ಲಿ ರಸ್ತೆಗೇ ಹಾರಿತು. ಅಷ್ಟರಲ್ಲಿ ಊರು ಬಿಬಿಎಂಪಿ ಸೇರಿ ಎಂಟು ವರ್ಷ. ಕೆಳಗಿನ ವರ್ತೂರು ಕೋಡಿಯಂತೂ ಈಗ ಟ್ರಾಫಿಕ್ಕಿಗೆ ಹೆಸರಾದ ಜಂಕ್ಷನ್. ಬಸ್ಸಲ್ಲಿ “ಕೋಡಿ, ಕೋಡಿ” ಅಂತ ಇಳಿಯುವವರಲ್ಲಿ ಅದು ಕೆರೆ ತುಂಬಿದಾಗ ಹೆಚ್ಚಿನ ನೀರು ಹರಿದುಹೋಗುವ ಜಾಗ ಅಂತ ಎಷ್ಟು ಜನಕ್ಕೆ ಗೊತ್ತೋ. ಬೊಮ್ಮಸಂದ್ರ, ಸಿಂಗಸಂದ್ರಗಳ ‘ಸಂದ್ರ’ವೂ ಸಮುದ್ರವೇ, ಅಂದರೆ ಕೆರೆಯೇ.

ಬೆಳ್ಳಂದೂರು ಇರುವ ಕೋರಮಂಗಲ-ಚಲ್ಲಘಟ್ಟ (ಕೆ.ಸಿ.) ಕಣಿವೆಯ ಕೊಳಚೆ ಎರಡು ಹಂತ ಶುದ್ಧಿಯಾಗಿ, ಪಂಪಾಗಿ, 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರಕ್ಕೆ ಬಂತು. ಕೆ.ಸಿ. ವ್ಯಾಲಿ ಯೋಜನೆಯ ಲೆಕ್ಕ ದಿನಕ್ಕೆ 44 ಕೋಟಿ ಲೀಟರ್. ಮುಂದಿನ ತಿಂಗಳೇ ಇಲ್ಲೂ ನೊರೆ ಕಂಡು ಹೈಕೋರ್ಟು ತಡೆದಿತ್ತು. ಮೂರನೇ ಹಂತದ ಶುದ್ಧೀಕರಣ ಬೇಕೆಂಬ ಕೂಗು ನ್ಯಾಯವಾದದ್ದೇ. ಆದರೂ ಬತ್ತಿದ ಬೋರ್‌ವೆಲ್‌ಗಳಲ್ಲಿ ನೀರು ಕಂಡವರ ಖುಷಿಯನ್ನು ಸುಳ್ಳೆನ್ನಲಾರೆ. ಬೆಂಗಳೂರಿಂದ ಬರುವ ಪೈಪು ಇಲ್ಲಿಗೆ ಮುಗಿದರೂ, ಮುಂದಕ್ಕೆ ಕೆರೆಯಿಂದ ಕೆರೆಗೆ ನೀರು ಹೆಚ್ಚಾಗಿ ಹರಿಯುವುದು ಹಳೇ ಕೋಡಿ, ಕಾಲುವೆಗಳ ದಾರಿಯಲ್ಲಿ.

ಈ ನೀರು ಅಂತರ್ಜಲಕ್ಕೆ ಮಾತ್ರ, ನೇರ ಬೇಸಾಯಕ್ಕಲ್ಲ. ಹಾಗಾಗಿ ಕೆರೆ ತುಂಬಿದ್ದರೂ ತೂಬು ಮುಚ್ಚಿಯೇ ಇರಬೇಕು.

ತಾತ ನಕ್ಷೆಯತ್ತ ತಿರುಗಲೂ ಇಲ್ಲ. ಏರಿ ಕೆಳಗಿನ ಬಯಲು ನೋಡುತ್ತಾ ಇನ್ನೊಂದು ಕೇಳಿದ: “ಅಂಗಾದ್ರೆ ತೂಬು ಎತ್ತೋದು ಯಾವಾಗ?”

ಹುಡುಗ ಮೊಬೈಲು ಜೇಬಿಗೆ ಹಾಕಿಕೊಂಡ.