ಚಕ್ರ 25 ಮಿಲಿಮೀಟರ್ ಆಚೆ ಸರಿದ ದಿನ

ಮಿಶಿಗನ್‌ನಲ್ಲಿ ಏಪ್ರಿಲ್ ಬಂದರೂ ಗ್ಯಾರೇಜಿನ ನೆಲ ಕೊರೆಯುತ್ತಿತ್ತು. ಆ ಶನಿವಾರ ನನ್ನ ಪುಟ್ಟ ಸ್ಪೋರ್ಟ್ಸ್ ಕಾರು ಮಾಜ್ದಾ ಮಿಯಾಟಾ ಸ್ಟ್ಯಾಂಡುಗಳ ಮೇಲೆ ನಿಂತಿತ್ತು. ಮುಂದಿನ ಎರಡೂ ಸ್ಪ್ರಿಂಗ್ ಬಿಚ್ಚಿ ಗೋಡೆಗೆ ಒರಗಿಸಿದ್ದೆ. 1989ರಲ್ಲಿ ಬಂದ ಮೊದಲ ತಲೆಮಾರಿನ ಗಾಡಿ. ಒಂದು ಟನ್ ಆಸುಪಾಸಿನ ತೂಕ, ನಾಲ್ಕೂ ಚಕ್ರಕ್ಕೆ ಡಬಲ್ ವಿಶ್‌ಬೋನ್, ಅಂದರೆ ಚಕ್ರವನ್ನು ಹಿಡಿದಿಡಲು ಮೇಲೊಂದು, ಕೆಳಗೊಂದು ತೋಳು. ಮುಂದಿನ ಚಕ್ರಗಳ ನಡುವಿನ ಅಗಲ, ಅಂದರೆ ಟ್ರ್ಯಾಕ್, 1410 ಮಿ.ಮೀ. ಅದನ್ನು 1460 ಮಾಡಬೇಕೆಂದು ನಾನು ಹಟ ಹಿಡಿದಿದ್ದೆ. ಅಷ್ಟು ಅಗಲವಾದರೆ ತಿರುವಿನಲ್ಲಿ ಒಳಚಕ್ರದಿಂದ ಹೊರಚಕ್ರಕ್ಕೆ ಹೋಗುವ ಭಾರ ಶೇಕಡ 3ರಷ್ಟು ತಗ್ಗುತ್ತದೆ. ಕೋನ್‌ಗಳ ನಡುವೆ ವೇಗವಾಗಿ ತಿರುಗಿಸಿ ಓಡಿಸುವ ನನಗೆ ಅದು ಸಣ್ಣದಲ್ಲ.

ಹಿಂದಿನ ವರ್ಷ ಸುಲಭದ ದಾರಿ ಹಿಡಿದು ಚಕ್ರದ ಹಿಂದೆ ಸ್ಪೇಸರ್ ಎಂಬ ದಪ್ಪ ಬಿಲ್ಲೆ ಹಾಕಿದ್ದೆ. ಚಕ್ರ ಹೊರಗೆ ಬಂತು, ಸ್ಟೀರಿಂಗ್ ತಿರುಗಿಸಿದಾಗ ಅದು ಎಡಬಲಕ್ಕೆ ತಿರುಗುವ ಅಕ್ಷ ಇದ್ದಲ್ಲೇ ಉಳಿಯಿತು. ಎರಡರ ನಡುವಿನ ದೂರ ಹೆಚ್ಚಿದಷ್ಟೂ ರಸ್ತೆಯ ಏಟು ನೇರ ಕೈಗೆ ಬರುತ್ತದೆ. ಉಬ್ಬು ತಗ್ಗಿನಲ್ಲಿ ಬ್ರೇಕ್ ಒತ್ತಿದರೆ ಸ್ಟೀರಿಂಗ್ ಕಿತ್ತುಕೊಂಡು ಹೋಗುತ್ತಿತ್ತು. ಅದಕ್ಕೇ ಈ ಸಲ ಮೇಲಿನ, ಕೆಳಗಿನ ತೋಳುಗಳನ್ನೇ 25 ಮಿ.ಮೀ. ಉದ್ದ ಮಾಡಿಸಿದ್ದೆ.

ಸ್ಟೀರಿಂಗಿನಿಂದ ಚಕ್ರವನ್ನು ತಿರುಗಿಸುವ ಟೈ ರಾಡ್ ಕೂಡ ಅಷ್ಟೇ ಉದ್ದವಾಗಬೇಕಲ್ಲ, ಅದರ ತುದಿಗೆ ಥ್ರೆಡ್‌ನಲ್ಲಿ ಕೂರುವ ಹಳೆಯ ಎಂಡ್ ಅನ್ನೇ ಹೊರಕ್ಕೆ ತಿರುಗಿಸುತ್ತಾ ಹೋದೆ. ಚಕ್ರ ನೇರವಾಯಿತು. ಕೆಳಗೆ ಮಲಗಿ ನೋಡುತ್ತಿದ್ದ ತಮ್ಮ, "ಅಕ್ಕಾ, ಒಳಗೆ ಎಷ್ಟು ಥ್ರೆಡ್ ಉಳಿದಿದೆ ನೋಡಿದ್ಯಾ?" ಅಂದ. ಬಿಚ್ಚುತ್ತಾ ಎಣಿಸಿದೆವು. ನಾಲ್ಕೇ ಸುತ್ತು. ಅಷ್ಟನ್ನೇ ನಂಬಿ ಹೈವೇಗೆ ಇಳಿಯುತ್ತಿದ್ದೆ ಎಂದು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಉದ್ದನೆಯ ರಾಡ್ ಎಂಡ್ ಕಪಾಟಿನಲ್ಲಿತ್ತು. ಅದು ಕೂರಬೇಕಾದರೆ ಚಕ್ರವನ್ನು ಹೊತ್ತು ಎಡಬಲಕ್ಕೆ ತಿರುಗುವ ನಕಲ್ ಎಂಬ ತುಂಡಿನಲ್ಲಿ, ಒಂದು ಕಡೆಗೆ ಕಿರಿದಾಗುವ ತೂತನ್ನು ಒಂದೇ ಅಳತೆಗೆ ನೇರವಾಗಿ ಕೊರೆಯಬೇಕು, ಕೊರೆದ ಮೇಲೆ ಹಳೆಯದು ಮತ್ತೆ ಕೂರುವುದಿಲ್ಲ. ಆ ಭಯಕ್ಕೇ ಮುಂದೂಡಿದ್ದೆ. ಎಣ್ಣೆ ಹನಿಸುತ್ತಾ, ನಿಧಾನಕ್ಕೆ ಕೊರೆದೆ.

ಆಮೇಲೆ ನಿಜವಾದ ಪರೀಕ್ಷೆ. ಚಕ್ರ ಮೇಲೆ ಕೆಳಗೆ ಆಡುವಾಗ ತಾನಾಗಿ ಒಳಗೋ ಹೊರಗೋ ತಿರುಗಿದರೆ ಅದು ಬಂಪ್ ಸ್ಟೀರ್. ಸ್ಟೀರಿಂಗ್ ಕಟ್ಟಿಹಾಕಿ, ಚಕ್ರ ಕೂರುವ ಹಬ್‌ಗೆ ಕಬ್ಬಿಣದ ತಟ್ಟೆ ಬಿಗಿದು, ಅದರ ಎರಡು ತುದಿಗೆ ಮುಳ್ಳಿನಿಂದ ಅಳತೆ ತೋರಿಸುವ ಡಯಲ್ ಗೇಜ್ ತಾಗಿಸಿಟ್ಟೆ. ತಮ್ಮ ಜ್ಯಾಕ್ ಎತ್ತುತ್ತಾ "10... 20..." ಎಂದು ಕೂಗಿದ, ನಾನು ಬರೆದುಕೊಂಡೆ. 50 ಮಿ.ಮೀ. ಎತ್ತರಕ್ಕೆ ಬರುವಾಗ ಎರಡು ಮುಳ್ಳುಗಳ ನಡುವೆ 2.8 ಮಿ.ಮೀ. ವ್ಯತ್ಯಾಸ! ಚಕ್ರ ಮೇಲೇರಿದಂತೆ ಒಳಗೆ ತಿರುಗುತ್ತಿತ್ತು. ಈ ಗಾಡಿಯಲ್ಲಿ ಟೈ ರಾಡುಗಳನ್ನು ಎಡಬಲಕ್ಕೆ ತಳ್ಳುವ ಸ್ಟೀರಿಂಗ್ ರ‍್ಯಾಕ್ ಆಕ್ಸಲ್‌ಗಿಂತ ಮುಂದಿದೆ. ಟೈ ರಾಡಿನ ಹೊರತುದಿ ಬೇಕಾದ್ದಕ್ಕಿಂತ ಎತ್ತರದಲ್ಲಿದ್ದರೆ ಅದು ಚಕ್ರದ ಮುಂಭಾಗವನ್ನು ಒಳಕ್ಕೆ ಎಳೆಯುತ್ತದೆ. ವಾಷರ್ ಸೇರಿಸಿ ತುದಿ ಇಳಿಸಿದೆ, ಮತ್ತೆ ಅಳೆದೆ, ಮತ್ತೆ ಇಳಿಸಿದೆ. ಐದನೇ ಸಲಕ್ಕೆ ವ್ಯತ್ಯಾಸ 0.3ಕ್ಕೆ ಬಂತು. ಹೊರಗೆ ಕತ್ತಲಾಗಿತ್ತು.

ಒಂದು ಕೆಲಸ ಉಳಿದಿದೆ. ಸ್ಪ್ರಿಂಗ್ ಕೂರುವ ಜಾಗ ಬದಲಾಗದೆ ತೋಳಷ್ಟೇ ಉದ್ದವಾದ್ದರಿಂದ ಚಕ್ರದ ಸನ್ನೆ ಬಲ ಹೆಚ್ಚಿದೆ. 300 ಮಿ.ಮೀ. ತೋಳು 325 ಆದರೆ ಚಕ್ರದ ಬಳಿ ಸ್ಪ್ರಿಂಗಿನ ಬಿಗಿ ಶೇಕಡ 15ರಷ್ಟು ಇಳಿಯುತ್ತದೆ. ಇನ್ನೂ ಗಟ್ಟಿ ಸ್ಪ್ರಿಂಗ್ ಬೇಕು.

ಭಾನುವಾರ ಗಾಡಿಯ ಬದಿಗೆ ದಾರ ಕಟ್ಟಿ, ಅದಕ್ಕೆ ಸರಿಯಾಗಿ ಚಕ್ರ ನೇರ ಮಾಡಿ, ಹಳೆಯ ಸ್ಪ್ರಿಂಗಿನಲ್ಲೇ ಹೊರಟೆವು. ಚಳಿಗಾಲದ ಹಿಮಕ್ಕೆ ಒಡೆದ ರಸ್ತೆಯ ಗುಂಡಿಯೊಂದಕ್ಕೆ ಎಡಚಕ್ರ ಧಡ್ ಎಂದು ಇಳಿದು ಎದ್ದಿತು. ಸ್ಟೀರಿಂಗ್ ನನ್ನ ಎರಡು ಬೆರಳಲ್ಲಿ ಅಲುಗದೆ ನಿಂತಿತ್ತು. ತಮ್ಮ ಅದನ್ನೇ ನೋಡುತ್ತಿದ್ದ. "ಇನ್ನೊಂದ್ಸಲ ಇಳಿಸಕ್ಕಾ" ಅಂದ.