ಬರೆ ತೆಗೆದು ಬೆಣ್ಣೆ ಹಚ್ಚಿದ ಹೆಡ್ಡಿಂಗ್

ದರ ಏರಿಕೆಯ ಸುದ್ದಿ ಬಂತೆಂದರೆ ನಮ್ಮ ಪತ್ರಿಕೆಯ ಡೆಸ್ಕಿನಲ್ಲಿ ಹೆಡ್ಡಿಂಗಿಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಬರೆ, ಶಾಕ್, ಬಿಸಿ, ಮೂರರಲ್ಲಿ ಒಂದು. 2024ರ ಜೂನ್ 25ರಂದು ನಂದಿನಿ ಹಾಲಿನ ಸುದ್ದಿ ಬಂದಾಗಲೂ, ದೂರದ ಊರುಗಳಿಗೆ ಮೊದಲು ಅಚ್ಚಾಗುವ ಡಾಕ್ ಎಡಿಷನ್‌ಗೆ ‘ಗ್ರಾಹಕರಿಗೆ ಹಾಲಿನ ಬರೆ’ ಅಂತ ಹೋಗಿತ್ತು.

ಸಿಟಿ ಎಡಿಷನ್‌ಗೆ ಪುಟ ನನ್ನ ಕೈಗೆ ಬಂತು. ಅರ್ಧ ಲೀಟರ್ ಟೋನ್ಡ್ ಹಾಲಿನ ಪ್ಯಾಕೆಟ್ ₹22 ಇದ್ದದ್ದು ₹24. ಆದರೆ ಒಳಗೆ 500ರ ಬದಲು 550 ಮಿ.ಲೀ. ಮೊಬೈಲಿನಲ್ಲಿ ಭಾಗಿಸಿ ನೋಡಿದೆ: ಮಿಲಿಲೀಟರಿಗೆ 4.40 ಪೈಸೆ ಇದ್ದದ್ದು 4.36ಕ್ಕೆ ಇಳಿದಿದೆ! ದರ ಏರಿತು ಅನ್ನುವ ವಿರೋಧ ಪಕ್ಷದ ಹೇಳಿಕೆಯನ್ನೇ ನಾವು ಹೆಡ್ಡಿಂಗ್ ಮಾಡಿಬಿಟ್ಟಿದ್ದೇವೆ ಅನಿಸಿತು. ಬರೆ ಕಿತ್ತುಹಾಕಿ ‘ಹಾಲಿನ ದರ ಏರಿಲ್ಲ, ಪ್ರಮಾಣ ಹೆಚ್ಚಿದೆ’ ಅಂತ ಕೂರಿಸಿದೆ. ಚೀಫ್ ಸಬ್ ಎದ್ದು ಟೀ ಕುಡಿಯಲು ಹೋಗಿದ್ದರು. ಹೋಗದಿದ್ದರೂ ನಾನು ವಾದ ಮಾಡಿ ಗೆಲ್ಲುತ್ತಿದ್ದೆ, ಅಷ್ಟು ಹುರುಪು.

ಪೇಜ್ ಮಾಡುವ ಹುಡುಗ ಮೌಸ್ ಬಿಟ್ಟು ಕೇಳಿದ: “ಸಾರ್, ನಾಳೆ ಬೆಳಗ್ಗೆ ಇಪ್ಪತ್ತೆರಡೇ ರೂಪಾಯಿ ಕೊಟ್ರೆ ಹಳೇ ಪ್ಯಾಕೆಟ್ ಕೊಡ್ತಾರಾ?”

“ಇಲ್ಲ, ಅದು ಇರಲ್ಲ.”

“ಮತ್ತೆ ಏರಿಲ್ಲ ಅಂತ ಹೆಂಗೆ ಬರೀತೀರಿ?”

ಪ್ಲೇಟ್‌ಗೆ ಬಿಡುವ ಹೊತ್ತು. ಪ್ರಿಂಟಿಂಗ್‌ನವರ ಫೋನು ಬಡಿದುಕೊಳ್ಳುತ್ತಿತ್ತು. ‘ನುಡಿ’ ತಂತ್ರಾಂಶದ ಅಕ್ಷರದಿಂದ ಯುನಿಕೋಡ್‌ಗೆ ತಿರುಗಿಸಿದ ಕಾಪಿಯಲ್ಲಿ ಒತ್ತಕ್ಷರಗಳು ಬೇರೆ ಚೆಲ್ಲಾಪಿಲ್ಲಿ. (ಈ ಕನ್ವರ್ಟರ್ ಬದಲಿಸಿ ಅಂತ ಕೇಳಿ ಕೇಳಿ ಬಾಯಿ ಒಣಗಿದೆ.) ಆ ಗಡಿಬಿಡಿಯಲ್ಲೇ ನನ್ನ ಹೆಡ್ಡಿಂಗನ್ನು ಮತ್ತೆ ಓದಿದೆ. ಮುಖ್ಯಮಂತ್ರಿ ಸಿದ್ದರಾಮಯ್ಯ ಹೇಳಿದ್ದೂ ಇದನ್ನೇ. ಅವರ ಹೆಸರಿಲ್ಲ, ಕೋಟ್ ಇಲ್ಲ. ಪತ್ರಿಕೆಯೇ ಲೆಕ್ಕ ಹಾಕಿ ತೀರ್ಪು ಕೊಟ್ಟ ಹಾಗಿದೆ. ಬರೆಯಲ್ಲಿ ಅತಿಶಯ ಇದೆ ಅಂತ ಓದುಗನಿಗೂ ಗೊತ್ತು, ಅರ್ಧ ಕಳೆದೇ ಓದುತ್ತಾನೆ. ‘ಪ್ರಮಾಣ ಹೆಚ್ಚಿದೆ’ ಅನ್ನುವುದರಲ್ಲಿ ಕಳೆಯಲು ಏನೂ ಕಾಣುವುದಿಲ್ಲ. ಸರ್ಕಾರ ಮಿಲಿಲೀಟರಿನಲ್ಲಿ ಮಾತಾಡುತ್ತದೆ, ವಿರೋಧ ಪಕ್ಷ ಪ್ಯಾಕೆಟ್‌ನಲ್ಲಿ. ಯಾವುದರಿಂದ ಭಾಗಿಸಬೇಕು ಅಂತ ಆರಿಸಿಕೊಂಡಾಗಲೇ ನಾನು ಒಂದು ಕಡೆ ಸೇರಿಯಾಗಿತ್ತು.

ಇನ್ನೊಂದು, ಕಾಪಿಯ ಕೊನೆಯ ಪ್ಯಾರಾದಲ್ಲಿ ಬಿದ್ದಿತ್ತು: ದಿನದ ಹಾಲಿನ ಸಂಗ್ರಹ 1 ಕೋಟಿ ಲೀಟರಿನ ಹತ್ತಿರ ಬಂದಿದೆ. ಅಂದರೆ ನಂದಿನಿ ಹಾಲು ಮಾರುವ ಕೆಎಂಎಫ್‌ಗೆ ಹೆಚ್ಚುವರಿ ಹಾಲು ಮಾರಬೇಕಿತ್ತು. ಬೇಕೋ ಬೇಡವೋ, ಪ್ರತಿ ಮನೆಗೂ 50 ಮಿ.ಲೀ. ಜಾಸ್ತಿ. ಇದು ಲೀಡ್‌ನಲ್ಲಿ, ಸುದ್ದಿಯ ಶುರುವಿನಲ್ಲೇ ಇರಬೇಕಾದ ಸಾಲು. ಮೇಲೆತ್ತಿದೆ.

ಹೆಡ್ಡಿಂಗ್ ಕೊನೆಗೆ ಹೀಗೆ ಹೋಯಿತು: ‘ಹಾಲು: ಪ್ಯಾಕೆಟ್‌ಗೆ ₹2, 50 ಮಿ.ಲೀ. ಹೆಚ್ಚಳ’. ಏಳು ನಿಮಿಷ ಲೇಟು.

ಮರುದಿನ ಮೀಟಿಂಗ್‌ನಲ್ಲಿ ಲೇಟಾದದ್ದಕ್ಕೆ ಮೆಮೊ ಸಿಗುವುದೊಂದು ಬಾಕಿ. ಬೇರೆ ಪತ್ರಿಕೆಗಳ ‘ಬರೆ’ಗಳನ್ನು ಮೇಜಿನ ಮೇಲೆ ಹರಡಿ, “ನಿಮ್ಮದು ಯಾಕ್ರೀ ಇಷ್ಟು ಸಪ್ಪೆ?” ಅಂದರು. 2025ರ ಏಪ್ರಿಲ್ 1ರಿಂದ ಲೀಟರಿಗೆ ₹4 ಏರಿ, ಆ 50 ಮಿ.ಲೀ. ವಾಪಸ್ ಹೋದಾಗ, ‘ಬರೆ’ ಹಾಕಲು ಯಾರೂ ನನ್ನನ್ನು ಕೇಳಲಿಲ್ಲ.